ಪುಸ್ತಕ ಹಿಡ್ಕೊಂಡು ಊರು ಸುತ್ತೋದು ಹೇಗೆ?

ಆಟದ ನಿಯಮ ಸರಳ. ಗ್ರಂಥಾಲಯದಿಂದ ಒಂದು ಕನ್ನಡ ಪುಸ್ತಕ ತಗೋಬೇಕು, ಓದಬೇಕು, ಆಮೇಲೆ ಅದನ್ನು ಹಿಡ್ಕೊಂಡು ಮೈಸೂರಿನಲ್ಲಿ ಅದಕ್ಕೆ ಹೊಂದುವ ಒಂದು ಜಾಗ ಹುಡುಕಬೇಕು. ಪುಸ್ತಕವೂ ಜಾಗವೂ ಒಂದೇ ಚೌಕಟ್ಟಿನಲ್ಲಿ ಕೂತು ಏನೋ ಮಾತಾಡಿಕೊಳ್ಳುತ್ತಿವೆ ಅನ್ನಿಸುವ ಹಾಗೆ ಒಂದು ಫೋಟೋ ತೆಗೀಬೇಕು. ಮುಖಪುಟದ ಮೇಲಿನ ಅರ್ಧ ಮುಖಕ್ಕೆ ಗೆಳೆಯನ ಉಳಿದರ್ಧ ಮುಖ ಹೊಂದಿಸೋದು ಇದರ ಅತಿ ಸುಲಭದ ರೂಪ. ಬೇರೆ ದೇಶಗಳ ಲೈಬ್ರರಿಗಳವರು ‘ಬುಕ್‌ಫೇಸ್’ ಅಂತ ಹೆಸರಿಟ್ಟು ಹಂಚಿಕೊಳ್ಳುವುದು ಇದನ್ನೇ. ನಮ್ಮ ಕನ್ನಡ ಸಂಘದವರು ಅದನ್ನು ಸ್ವಲ್ಪ ಬೀದಿಗೆ ಎಳೆದು ತಂದಿದ್ದೇವೆ, ಅಷ್ಟೆ.

‘ಓದಬೇಕು’ ಅನ್ನೋದು ಮಧ್ಯದಲ್ಲಿ ಯಾಕೆ ಬಂತು ಅಂತ ಮೊದಲ ವರ್ಷದವರು ಕೇಳ್ತಾರೆ. ಫೋಟೋಗೆ ಮುಖಪುಟ ಸಾಕಲ್ವಾ? ಸಾಕು. ಆದರೆ ಹಾಗೆ ತೆಗೆದ ಫೋಟೋಗಳೆಲ್ಲ ಹತ್ತೇ ನಿಮಿಷದಲ್ಲಿ ಒಂದೇ ಥರ ಕಾಣಿಸತೊಡಗುತ್ತವೆ: ಕಾಫಿ ಲೋಟ, ಪಕ್ಕದಲ್ಲಿ ಪುಸ್ತಕ, ಹಿಂದೆ ಮಬ್ಬು. ಪುಸ್ತಕದ ಒಳಗೆ ಏನಿದೆ ಅಂತ ಗೊತ್ತಿದ್ದವನಿಗೆ ಮಾತ್ರ ಅದನ್ನು ಎಲ್ಲಿ ಇಡಬೇಕು ಅಂತ ಹೊಳೆಯುತ್ತೆ. ಹಾಗಾಗಿ ಓದದ ಪುಸ್ತಕ ಕ್ಯಾಮೆರಾ ಮುಂದೆ ಬರಕೂಡದು ಅಂತ ಕಟ್ಟುನಿಟ್ಟು ಮಾಡಿದ್ದೇವೆ. ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಬಹಳ ಜನ ಹತ್ತನೇ ಕ್ಲಾಸಿನ ಆಮೇಲೆ ಒಂದು ಕನ್ನಡ ಪುಸ್ತಕವನ್ನೂ ಕೊನೇ ಪುಟದವರೆಗೆ ಓದಿಲ್ಲ. ಮನೇಲಿ ಮಾತಾಡೋದು ಕನ್ನಡ, ಓದೋದು ಡೇಟಾಶೀಟು. ಆಟದ ನೆಪದಲ್ಲಾದರೂ ಒಂದು ಓದಿಸಬೇಕು ಅನ್ನೋದು ಸಂಘದ ಹುನ್ನಾರ. ಅದನ್ನೇನೂ ಮುಚ್ಚಿಡುತ್ತಿಲ್ಲ.

ಈಗ ಪಾಠಕ್ಕೆ ಬರೋಣ. ಮೊದಲ ತಾಲೀಮಿಗೆ ದೊಡ್ಡ ಗಡಿಯಾರಕ್ಕಿಂತ ಒಳ್ಳೆ ಜಾಗ ಇಲ್ಲ. ಅರಮನೆ ಹತ್ತಿರ ನಿಂತಿರುವ ಈ ಗೋಪುರವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಎತ್ತರ ಸುಮಾರು 75 ಅಡಿ. ಇದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಸಂಘಕ್ಕೆ ಹೊಸದಾಗಿ ಬಂದವರನ್ನು ಅದರ ಕೆಳಗೆ ನಿಲ್ಲಿಸಿ, ಮುಳ್ಳುಗಳ ಜಾಗ ನೋಡದೆ ಬರೀ ಅಂಕಿ ಓದಿ ಅಂತೀವಿ. ೧, ೨, ೩ ಸಲೀಸು. ೬ ಮತ್ತು ೯ ಬಂದಾಗ ಒಂದು ಕ್ಷಣ ತಡವರಿಸುತ್ತಾರೆ. ಬಸ್ಸಿನ ನಂಬರು ನೋಡಿ ಕಲಿತ ಹಳಬರು ನಗ್ತಾರೆ.

ಪುಸ್ತಕವನ್ನು ಗೋಪುರದಷ್ಟೇ ಎತ್ತರ ಕಾಣಿಸಬೇಕು ಅಂದರೆ ಎಲ್ಲಿ ನಿಲ್ಲಬೇಕು? ಇದು ಹೈಸ್ಕೂಲಿನ ಸಮರೂಪ ತ್ರಿಭುಜದ ಲೆಕ್ಕ. ಪುಸ್ತಕದ ಎತ್ತರವನ್ನು ಕ್ಯಾಮೆರಾದಿಂದ ಪುಸ್ತಕಕ್ಕಿರುವ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯೂ, ಗೋಪುರದ ಎತ್ತರವನ್ನು ಕ್ಯಾಮೆರಾದಿಂದ ಗೋಪುರಕ್ಕಿರುವ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯೂ ಒಂದೇ ಆಗಬೇಕು. ಲೆಕ್ಕ ಸುಲಭವಾಗಲಿ ಅಂತ ಪುಸ್ತಕ 9 ಅಂಗುಲ, ಅಂದರೆ ಮುಕ್ಕಾಲು ಅಡಿ ಅಂದುಕೊಳ್ಳೋಣ. ಅದನ್ನು ಕ್ಯಾಮೆರಾದಿಂದ 2 ಅಡಿ ದೂರ ಹಿಡಿದರೆ ನೀವು ಗೋಪುರದಿಂದ 200 ಅಡಿ ಹಿಂದೆ ಇರಬೇಕು. ಒಂದೇ ಅಡಿ ದೂರದಲ್ಲಿ ಹಿಡಿದರೆ 100 ಅಡಿ ಸಾಕು. ಗೆಳೆಯನ ಮುಖಕ್ಕೂ ಇದೇ ಸೂತ್ರ: ಮುಖಪುಟದ ಮುಖ 10 ಸೆಂಟಿಮೀಟರ್ ಅಗಲ, ಅವನದು 15 ಆದರೆ, ಪುಸ್ತಕ 60 ಸೆಂಟಿಮೀಟರ್ ದೂರ, ಅವನು 90. ಟೇಪು ತಗೊಂಡು ಹೋಗಿ ಅಂತಲ್ಲ. ಒಂದು ಸಲ ಲೆಕ್ಕ ಮಾಡಿದರೆ ಕಣ್ಣಳತೆ ತಾನಾಗಿ ಬರುತ್ತೆ.

ಇಲ್ಲಿ ಬಹಳ ಜನಕ್ಕೆ ಒಂದು ತಪ್ಪು ಕಲ್ಪನೆ ಇರುತ್ತೆ: ಝೂಮ್ ಮಾಡಿದರೆ ಹಿಂದಿನ ಕಟ್ಟಡ ದೊಡ್ಡದಾಗುತ್ತೆ, ಪುಸ್ತಕ ಹಾಗೇ ಇರುತ್ತೆ ಅಂತ. ಇಲ್ಲ. ಝೂಮ್ ಎರಡನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತೆ. ಅವೆರಡರ ನಡುವಿನ ಅನುಪಾತ ಬದಲಾಗೋದು ಕ್ಯಾಮೆರಾ, ಪುಸ್ತಕ, ಕಟ್ಟಡ ಈ ಮೂರರಲ್ಲಿ ಯಾವುದಾದರೂ ಜಾಗ ಬಿಟ್ಟು ಕದಲಿದಾಗ ಮಾತ್ರ. ಕಟ್ಟಡ ಕದಲಲ್ಲ. ಉಳಿದದ್ದು ನಿಮ್ಮ ಕಾಲು ಮತ್ತು ಗೆಳೆಯನ ಕೈ.

ಹಾಗಾದರೆ ಪುಸ್ತಕವನ್ನು ಕ್ಯಾಮೆರಾಗೆ ಅಂಟಿಸಿಯೇ ಹಿಡಿಯೋಣ, 200 ಅಡಿ ಹಿಂದೆ ಹೋಗಿ ಬಸ್ಸುಗಳ ಮಧ್ಯೆ ನಿಲ್ಲೋದ್ಯಾಕೆ? ಫೋಕಸ್ ಅಡ್ಡ ಬರುತ್ತೆ. ಹತ್ತಿರದ ಪುಸ್ತಕ ಸ್ಪಷ್ಟವಾದರೆ ಗಡಿಯಾರ ಮಬ್ಬು, ಗಡಿಯಾರ ಸ್ಪಷ್ಟವಾದರೆ ಪುಸ್ತಕದ ಹೆಸರು ಓದೋಕಾಗಲ್ಲ. ಎರಡೂ ಬೇಕು ಅಂದರೆ ‘ಹೈಪರ್‌ಫೋಕಲ್ ದೂರ’ ಅನ್ನೋದನ್ನು ತಿಳ್ಕೋಬೇಕು. ಲೆನ್ಸಿನ ಫೋಕಲ್ ಲೆಂಗ್ತಿನ ವರ್ಗವನ್ನು ಎಫ್ ಸಂಖ್ಯೆ ಮತ್ತು ಸಹಿಸಬಹುದಾದ ಮಬ್ಬಿನ ಚುಕ್ಕಿಯ ವ್ಯಾಸ, ಇವೆರಡರ ಗುಣಲಬ್ಧದಿಂದ ಭಾಗಿಸಿ. ಡಿಎಸ್‌ಎಲ್‌ಆರ್ ಜೊತೆ ಬರುವ ಮಾಮೂಲಿ ಲೆನ್ಸನ್ನು 18 ಮಿಲಿಮೀಟರಿಗೆ ತಂದು, ಎಫ್ 11 ಇಟ್ಟು, ಚುಕ್ಕಿಯನ್ನು 0.02 ಮಿಲಿಮೀಟರ್ ಅಂತ ಹಿಡಿದರೆ ಉತ್ತರ ಸುಮಾರು ಒಂದೂವರೆ ಮೀಟರ್. ಅಷ್ಟು ದೂರಕ್ಕೆ ಫೋಕಸ್ ಮಾಡಿದರೆ ಅದರ ಅರ್ಧದಿಂದ, ಅಂದರೆ ಮುಕ್ಕಾಲು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಮುಕ್ಕಾಲು ಮೀಟರ್ ಅಂದರೆ ಎರಡೂವರೆ ಅಡಿ. ನಮ್ಮದೇ ಕೈ ಅಷ್ಟು ದೂರ ಚಾಚಲ್ಲ, ಹಾಗಾಗಿ ಪುಸ್ತಕ ಹಿಡಿಯೋಕೆ ಇನ್ನೊಬ್ಬರು ಬೇಕು. ಈ ಆಟ ಒಬ್ಬಂಟಿಯಾಗಿ ಆಡೋಕೆ ಬರಲ್ಲ ಅನ್ನೋದಕ್ಕೆ ಹೀಗೊಂದು ಗಣಿತದ ಪುರಾವೆ ಸಿಕ್ಕಂತಾಯ್ತು.

ಮೊಬೈಲಿನವರು ಬೇಜಾರು ಮಾಡ್ಕೋಬೇಡಿ. ಹೆಚ್ಚಿನ ಫೋನುಗಳಲ್ಲಿ ಎಫ್ ಸಂಖ್ಯೆ ಬದಲಾಯಿಸೋಕಾಗಲ್ಲ ನಿಜ. ಆದರೆ ಫೋನನ್ನು ಗೋಡೆಗೋ ಚೀಲಕ್ಕೋ ಒರಗಿಸಿ ಅಲುಗಾಡದಂತೆ ಇಟ್ಟು, ಒಂದು ಚಿತ್ರ ಪುಸ್ತಕಕ್ಕೆ ಫೋಕಸ್ ಮಾಡಿ, ಇನ್ನೊಂದು ಗೋಪುರಕ್ಕೆ ಮಾಡಿ ತೆಗೆದು, ಆಮೇಲೆ ಎರಡನ್ನೂ ಸೇರಿಸಬಹುದು. ಕಂಪ್ಯೂಟರ್ ಸೈನ್ಸಿನವರಿಗೆ ಇದು ಮೂವತ್ತು ಸಾಲಿನ ಪೈಥಾನ್ ಕೆಲಸ. ಉಳಿದವರು ಅವರಿಗೆ ಒಂದು ಮಸಾಲೆ ದೋಸೆ ಕೊಡಿಸಿ.

ಹೊಳಪಿನ ಮುಖಪುಟ ಇನ್ನೊಂದು ತಲೆನೋವು. ಈಗಿನ ಪುಸ್ತಕಗಳಿಗೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಇರೋದರಿಂದ ಆಕಾಶವೆಲ್ಲ ಅದರ ಮೇಲೆ ಬಂದು ಕೂರುತ್ತೆ. ಪೋಲರೈಸರ್ ಫಿಲ್ಟರ್ ಹಾಕ್ತೀವಿ ಅಂತ ಹೊರಡುವವರಿಗೆ ಒಂದು ಮಾತು: ಅದು ಚೆನ್ನಾಗಿ ಕೆಲಸ ಮಾಡೋದು ಪ್ರತಿಫಲನ ಸುಮಾರು 56 ಡಿಗ್ರಿ ಕೋನದಲ್ಲಿದ್ದಾಗ. ಫಿಸಿಕ್ಸಿನಲ್ಲಿ ಓದಿದ ಬ್ರೂಸ್ಟರ್ ಕೋನ ಇದೇ. ಪುಸ್ತಕವನ್ನು ನೇರ ಎದುರಿಗೆ ಹಿಡಿದಾಗ ಅದರಿಂದ ಪ್ರಯೋಜನ ಇಲ್ಲ. ಬದಲಿಗೆ ಪುಸ್ತಕವನ್ನು ಒಂದೆರಡು ಡಿಗ್ರಿ ಬಗ್ಗಿಸಿ, ಕ್ಯಾಮೆರಾ ಹಿಂದೆ ಕಪ್ಪು ಕೊಡೆ ಬಿಚ್ಚಿ ನಿಲ್ಲಿ. ಜೂನ್ ತಿಂಗಳಲ್ಲಿ ಕೊಡೆ ಹೇಗೂ ಕೈಯಲ್ಲೇ ಇರುತ್ತೆ.

ತಂತ್ರದ ಮಾತು ಇಷ್ಟು ಸಾಕು. ಆಟ ನಿಜಕ್ಕೂ ಎಲ್ಲಿ ಕಷ್ಟವಾಗುತ್ತೆ ಅಂದರೆ ಜನ ಇರೋ ಕಡೆ, ಅಂದರೆ ದೇವರಾಜ ಮಾರುಕಟ್ಟೆಯಲ್ಲಿ. ಕುಂಕುಮದ ಗುಡ್ಡೆ, ಮಲ್ಲಿಗೆ ಮೊಳ, ನಂಜನಗೂಡು ರಸಬಾಳೆ ಇವೆಲ್ಲ ಕ್ಯಾಮೆರಾಗೆ ಹಬ್ಬ. ಹಾಗಂತ ಅಂಗಡಿಯವರು ಪ್ರದರ್ಶನಕ್ಕೆ ಕೂತಿಲ್ಲ, ವ್ಯಾಪಾರಕ್ಕೆ ಕೂತಿದ್ದಾರೆ. ದಿನಕ್ಕೆ ನೂರು ಜನ ಮುಖಕ್ಕೆ ಲೆನ್ಸು ಹಿಡಿದರೆ ಯಾರಿಗಾದರೂ ರೇಗುತ್ತೆ. ಹಾಗಾಗಿ ಇಲ್ಲಿ ನಮ್ಮ ಕ್ರಮ ಏನಂದರೆ, ಮೊದಲು ಏನಾದರೂ ಕೊಳ್ಳೋದು, ಆಮೇಲೆ ಮಾತಾಡಿಸೋದು, ಕೊನೆಗೆ ಕೇಳೋದು. ಬೇಡ ಅಂದರೆ ಬೇಡ. ಮಕ್ಕಳ ಫೋಟೋ ಮನೆಯವರನ್ನು ಕೇಳದೆ ಇಲ್ಲವೇ ಇಲ್ಲ.

ಇದನ್ನು ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ಕಲಿಯಬಹುದು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಅವರು ದೇಶದ ಹಿರಿಯ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. 1977ರಲ್ಲಿ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ, ಅದರಲ್ಲೂ ಮಕ್ಕಳು, ಕ್ಯಾಮೆರಾ ಇದೆ ಅನ್ನೋದನ್ನೇ ಮರೆತು ತಮ್ಮ ಪಾಡಿಗೆ ತಾವಿರುತ್ತಾರೆ. ಹಾಗೆ ಮರೆಯೋಕೆ ಬಿಡಬೇಕಾದರೆ ತೆಗೆಯುವವನು ಅಲ್ಲಿ ಎಷ್ಟು ಹೊತ್ತು ಸುಮ್ಮನೆ ಇದ್ದಿರಬೇಕು ಅಂತ ಊಹಿಸಿ ನೋಡಿ.

ಮಾರುಕಟ್ಟೆಗೆ ನಾವು ಒಮ್ಮೆ ದೇವನೂರ ಮಹಾದೇವ ಅವರ ‘ಒಡಲಾಳ’ ತಗೊಂಡು ಹೋಗಿದ್ವಿ. ಕಳೆದುಹೋದ ತನ್ನ ಹುಂಜ ಹುಡುಕುತ್ತಾ ಹೊರಡುವ ಸಾಕವ್ವನ ಕಥೆ ಅದು. ಆ ಬಡ ಮನೆಯವರು ಒಂದು ರಾತ್ರಿ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗ ಓದಿದವರು ಮರೆಯಲ್ಲ. ಕಡಲೆಕಾಯಿ ರಾಶಿಯ ಮೇಲೆ ಪುಸ್ತಕ ಇಟ್ಟು ತೆಗೆಯೋದು ಅಂತ ಉಪಾಯ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ನಮ್ಮ ಸರ್ಕಸ್ಸು ನೋಡಿ, “ಏನ್ ಮಕ್ಕಳಾ, ಬುಕ್ಕಲ್ಲಿ ಏನೈತೆ?” ಅಂತ ಕೇಳಿದರು. ಹೇಳಿದ್ವಿ. “ಹಂಗಾದ್ರೆ ಒಸಿ ಓದಿ ಮತ್ತೆ” ಅಂದರು.

ಓದೋಕೆ ನಿಂತವನು ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಊರು ಬೆಂಗಳೂರು. ಪುಸ್ತಕ ಮುಗಿಸಿದ್ದ, ಆದರೆ ಜೋರಾಗಿ ಓದಿ ರೂಢಿ ಇಲ್ಲ. ನಂಜನಗೂಡು ಕಡೆಯ ಆಡುಮಾತು ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಎರಡನೇ ಸಾಲಿಗೇ ಆ ಅಮ್ಮ ತಡೆದರು. ಅವನು ಹೇಳಿದ ಪದವನ್ನೇ ಅವರು ಇನ್ನೊಂದು ಸಲ, ರಾಗ ಸೇರಿಸಿ ಹೇಳಿದರು. ಅಷ್ಟಕ್ಕೇ ಅರ್ಥ ಬಿಚ್ಚಿಕೊಂಡಿತು. ಆಮೇಲೆ ಅವನು ಓದೋದು, ಅವರು ತಿದ್ದೋದು, ಹೂವಿನ ದಾರ ಮಾತ್ರ ನಿಲ್ಲದೆ ಓಡುತ್ತಿತ್ತು. ಪಕ್ಕದ ನಿಂಬೆಹಣ್ಣಿನವರೂ ಬಂದು ನಿಂತರು. ಅಮ್ಮನಿಗೆ ಅಕ್ಷರ ಬರಲ್ಲವಂತೆ, ಆಮೇಲೆ ಹೇಳಿದರು. ಅಕ್ಷರ ಬಲ್ಲವನಿಗೆ ಮಾತು ಗೊತ್ತಿರಲಿಲ್ಲ, ಮಾತು ಬಲ್ಲವರಿಗೆ ಪುಸ್ತಕ ಸಿಕ್ಕಿರಲಿಲ್ಲ. ಹೊರಡುವಾಗ, “ಕೋಳಿ ಸಿಕ್ತಾ ಇಲ್ವಾ ಅಂತ ಯೋಳ್ಬುಟ್ಟೋಗಿ” ಅಂದರು.

ಅವತ್ತಿನ ಫೋಟೋ ಅಷ್ಟಕ್ಕಷ್ಟೆ. ಅದೇ ಗೆಳೆಯ ಈಗ ಪ್ರತಿ ಸುತ್ತಾಟದಲ್ಲೂ ಒಂದು ಪುಟ ಜೋರಾಗಿ ಓದುತ್ತಾನೆ. ಹೊಸದಾಗಿ ಸೇರುವವರಿಗೂ ಅದನ್ನೇ ಕಡ್ಡಾಯ ಮಾಡಿದ್ದೇವೆ: ಫೋಟೋ ತೆಗೆದ ಜಾಗದಲ್ಲಿ ನಿಂತು ಒಂದು ಪುಟ, ಬಾಯಿಬಿಟ್ಟು. ನಾಚಿಕೆ ಆಗುತ್ತೆ. ಆಗಲಿ.

ಮಾರುಕಟ್ಟೆ ಎದುರುಗಡೆಯ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಬಂದರೆ ಆಟದ ಉಮೇದು ಸ್ವಲ್ಪ ಇಳಿಯುತ್ತೆ. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಬಂದ ನೆನಪಿಗೆ 1892ರಲ್ಲಿ ಕಟ್ಟಿದ ಈ ಸಾಲಿನಲ್ಲಿ ಮೈಸೂರಿನ ಹಳೇ ಪುಸ್ತಕದ ಅಂಗಡಿಗಳಿದ್ದವು. 2012ರ ಆಗಸ್ಟಿನಲ್ಲಿ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅಂಗಡಿಗಳು ಖಾಲಿಯಾದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಅನ್ನುವ ವಾದ ವರ್ಷಗಟ್ಟಲೆ ನಡೆದಿದೆ. ಸಿವಿಲ್ ವಿಭಾಗದವರಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ; ಇಟ್ಟಿಗೆ, ಸುಣ್ಣದ ಗಾರೆ, ಮದ್ರಾಸ್ ತಾರಸಿಯ ಕಟ್ಟಡಕ್ಕೆ ನೀರು ಇಳಿದರೆ, ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟರೆ ಏನಾಗುತ್ತೆ ಅಂತ ಕಣ್ಣೆದುರಿಗೇ ಇದೆ.

ಇಲ್ಲಿ ಪುಸ್ತಕಕ್ಕೆ ಇನ್ನೊಂದು ಕೆಲಸ ಇದೆ ಅಂತ ನಮ್ಮ ಸಿವಿಲ್ ಗೆಳತಿ ತೋರಿಸಿಕೊಟ್ಟಳು. ಕನ್ನಡದ ಬಹುಪಾಲು ಪುಸ್ತಕಗಳು ಡೆಮಿ 1/8 ಆಕಾರದವು, ಅಂದರೆ ಹೆಚ್ಚುಕಮ್ಮಿ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಬಿರುಕಿನ ಪಕ್ಕ ಫೋಟೋ ತೆಗೆದರೆ ಅದೇ ಅಳತೆಕೋಲು! ಎಂಟೂವರೆ ಅಂಗುಲ ಅಂದರೆ 215 ಮಿಲಿಮೀಟರಿಗೆ ಹತ್ತಿರ. ಚಿತ್ರದಲ್ಲಿ ಪುಸ್ತಕದ ಎತ್ತರ 1000 ಪಿಕ್ಸೆಲ್ ಬಂದರೆ ಒಂದು ಪಿಕ್ಸೆಲ್ ಸುಮಾರು 0.2 ಮಿಲಿಮೀಟರ್. ಎರಡು ಮಿಲಿಮೀಟರ್ ಬಿರುಕು ಒಂಬತ್ತೋ ಹತ್ತೋ ಪಿಕ್ಸೆಲ್ ಆಗುತ್ತೆ, ಎಣಿಸಬಹುದು. ಆರು ತಿಂಗಳು ಬಿಟ್ಟು ಅದೇ ಪುಸ್ತಕ, ಅದೇ ಜಾಗ, ಇನ್ನೊಂದು ಚಿತ್ರ. ಬಿರುಕು ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತೆ. ಪುಸ್ತಕ ಗೋಡೆಯ ಮಟ್ಟಕ್ಕೇ ಇರಬೇಕು, ಕ್ಯಾಮೆರಾ ನೇರ ಎದುರಿಗಿರಬೇಕು. ಗಡಿಯಾರದ ಹತ್ತಿರ ಮಾಡಿದ ಕಣ್ಕಟ್ಟಿಗೆ ತದ್ವಿರುದ್ಧ. ಬೇಲಿ ಹಾಕಿದ ಕಡೆ, ಶಿಥಿಲ ಅಂತ ಬೋರ್ಡು ಇರುವ ಕಡೆ ಒಳಗೆ ಕಾಲಿಡಬೇಡಿ. ರಸ್ತೆ ಬದಿಯ ಗೋಡೆಗಳಲ್ಲೇ ಬೇಕಾದಷ್ಟು ಬಿರುಕಿವೆ.

ಹಾಗಾಗಿ ಸಂಘದ ಫೋಟೋಗಳ ಕೆಳಗೆ ಕವಿತೆಯಂಥ ಶೀರ್ಷಿಕೆ ಬೇಡ ಅಂತೀವಿ. ತಾರೀಖು, ಜಾಗ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು, ಯಾವ ಪುಸ್ತಕ, ಯಾವ ಪುಟ ಓದಿದ್ದು. ಅಷ್ಟು ಬರೆದಿಟ್ಟರೆ ಹತ್ತು ವರ್ಷದ ನಂತರ ಯಾರಿಗಾದರೂ ಅದರಿಂದ ಏನಾದರೂ ಉಪಯೋಗವಾದೀತು.

ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇದೆ. 2011ರಲ್ಲಿ ಅದನ್ನು ಕೆಡವಲು ಶುರುವಾಗಿತ್ತು. ಜನ ದನಿ ಎತ್ತಿದ ಮೇಲೆ ನಿಂತಿತು, ಪಾಲಿಕೆ ಕೊಂಡು ದುರಸ್ತಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮಾಲ್ಗುಡಿ ಕಥೆಗಳ ಕನ್ನಡ ಅನುವಾದ ತಗೊಂಡು ಹೋಗಿ. ಇಲ್ಲಿ ಕಣ್ಕಟ್ಟಿನ ಅಗತ್ಯವೇ ಇಲ್ಲ, ಕಿಟಕಿ ಬೆಳಕಿನಲ್ಲಿ ತೆರೆದ ಪುಸ್ತಕ ಸಾಕು. ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕೂಡ ಪಟ್ಟಿಯಲ್ಲಿರಲಿ: 1891ರಲ್ಲಿ ಶುರುವಾದ ಈ ಗ್ರಂಥಾಲಯದಲ್ಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂದಿದ್ದು, ಅದನ್ನು ಅವರು 1909ರಲ್ಲಿ ಅಚ್ಚು ಹಾಕಿಸಿದರು. ಹೊರಗಿನಿಂದ ಕಟ್ಟಡದ ಫೋಟೋ ತೆಗೆಯಬಹುದು. ಒಳಗೆ ಹೋಗಬೇಕಾದರೆ ಮೊದಲೇ ಅನುಮತಿ ಕೇಳಿ, ತಾಳೆಗರಿಗೆ ಫ್ಲ್ಯಾಶ್ ಹೊಡೆಯುವ ಯೋಚನೆಯನ್ನೇ ಬಿಡಿ.

ಬೆಳಿಗ್ಗೆ ಏಳುವ ಅಭ್ಯಾಸ ಇರುವವರಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ಅವರ ಓಡಾಟದ ಜಾಗ. ಹೆಜ್ಜಾರ್ಲೆ, ನೀರುಕಾಗೆ ಧಾರಾಳವಾಗಿ ಸಿಗುತ್ತವೆ. ಇಲ್ಲಿಗೆ ತೇಜಸ್ವಿಯವರ ಪುಸ್ತಕ ತರುವವರೇ ಜಾಸ್ತಿ, ಅದು ಸರಿಯೂ ಹೌದು: ಪೆನ್ನಿನಷ್ಟೇ ಹಟದಿಂದ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಬಿದ್ದ ಕನ್ನಡ ಲೇಖಕ ಅವರು. ಒಂದೇ ಎಚ್ಚರಿಕೆ, ಇಲ್ಲಿ ಜೋರಾಗಿ ಓದುವ ನಿಯಮಕ್ಕೆ ರಜೆ. ಗೂಡು ಕಟ್ಟಿರುವ ಹಕ್ಕಿಗಳನ್ನು ಎಬ್ಬಿಸಿ ಫೋಟೋ ತೆಗೆಯುವವರನ್ನು ಮುಂದಿನ ಸಲ ಕರೆಯಲ್ಲ.

ಭಾನುವಾರವಾದರೆ ಸುತ್ತಾಟ ಮುಗಿಸೋದು ಅರಮನೆ ಎದುರು. ಸಂಜೆ 7 ಗಂಟೆಗೆ ಲಕ್ಷಕ್ಕೆ ಹತ್ತಿರದಷ್ಟು ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಒಂದು ತಾಸಿನೊಳಗೆ ಆರಿಬಿಡುತ್ತವೆ. ಸಮಯ ಕಮ್ಮಿ, ಆದ್ದರಿಂದ ಬೆಳಕು ಬರುವ ಮುಂಚೆಯೇ ಜಾಗ ಹಿಡಿದು, ಪುಸ್ತಕದ ದೂರ ಗೊತ್ತು ಮಾಡ್ಕೊಂಡಿರಿ. ಕ್ಯಾಮೆರಾವನ್ನು ಆಟೋದಲ್ಲಿ ಬಿಟ್ಟರೆ ಕಪ್ಪು ಆಕಾಶ ನೋಡಿ ಮೋಸಹೋಗಿ ಬಲ್ಬುಗಳನ್ನೆಲ್ಲ ಬಿಳಿ ಮುದ್ದೆ ಮಾಡುತ್ತೆ. ಒಂದು ಅಥವಾ ಎರಡು ಸ್ಟಾಪ್ ಕಡಿಮೆ ಮಾಡಿ. ಆಗ ಪುಸ್ತಕ ಕತ್ತಲಾಗುತ್ತೆ. ಅದಕ್ಕೆ ಫ್ಲ್ಯಾಶ್ ಬೇಡ, ಒಬ್ಬರು ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದು, ಅದರ ಮುಂದೆ ಒಂದು ಬಿಳಿ ಹಾಳೆ ಅಡ್ಡ ಇಡಲಿ. ಲ್ಯಾಬ್ ರೆಕಾರ್ಡಿನ ಖಾಲಿ ಹಾಳೆ ಸಾಕು, ಕೈ ಮಾತ್ರ ಅಲುಗಬಾರದು.